ಫೋಟೋ ಇಲ್ಲದವರ ಸಿನಿಮಾ



ನನ್ನ ಅಕ್ಕನ ಮಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, "ಮಾವ, ಇಲ್ಲಿ ಕನ್ನಡದೋರು ಸಿಕ್ಕಿದ್ರೆ ಖುಷಿಗಿಂತ ಭಯಾನೇ ಜಾಸ್ತಿ" ಅಂದ. ಹಬ್ಬದ ಊಟಕ್ಕೆ ಕರೆದ ಮನೇಲಿ ಊರು ಕೇಳಿದ ಮೇಲೆ ಎರಡನೇ ಪ್ರಶ್ನೆಯೇ "ನೀವು ಯಾವ ಪೈಕಿ?" ಅವತ್ತಿಂದ ಯಾರ ಮನೆಗೂ ಹೋಗಲ್ಲ. ಬಿಳಿಯರ ನಡುವೆ ವಲಸೆಗಾರ, ನಮ್ಮವರ ನಡುವೆ ಅಸ್ಪೃಶ್ಯ. (ಅವನನ್ನು ಕೇಳಿಯೇ ಇದನ್ನು ಬರೀತಿದ್ದೀನಿ.)

ಈ ಒಂಟಿತನ ನಿನ್ನೆ ಮೊನ್ನೆಯದಲ್ಲ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿ ಓದಿದವರಿಗೆ ಬಾಗಿಲು ತೆರೆಯಿತು. ಆಗ ನಮ್ಮ ದೇಶದಲ್ಲಿ ಡಾಕ್ಟರು, ಇಂಜಿನಿಯರು ಆಗಿದ್ದವರು ಹೆಚ್ಚಾಗಿ ಯಾರು? ವಿಮಾನ ಹತ್ತಿದವರ ಜೊತೆ ಜಾತಿಯೂ ಹತ್ತಿತು. ಆಮೇಲೆ ಹೋದ ಬೆರಳೆಣಿಕೆಯ ದಲಿತರು ಜಾತಿ ಮುಚ್ಚಿಟ್ಟುಕೊಂಡು ಬದುಕಿದರು.

ಇನ್ನೊಂದು ಕಡೆ 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋ ಲ್ಯಾಂಬರ್ಟ್, ಡೇನಾ ಆಚ್ಲಿ ಮೊದಲಾದವರು 'ಡಿಜಿಟಲ್ ಸ್ಟೋರಿಟೆಲಿಂಗ್' ಅನ್ನೋ ಕಾರ್ಯಾಗಾರ ಶುರು ಮಾಡಿದ್ದರು. ದೊಡ್ಡ ಕ್ಯಾಮೆರಾ ಬೇಡ, ನಿರ್ದೇಶಕ ಬೇಡ. ಒಂದಷ್ಟು ಜನ ಸುತ್ತ ಕೂತು ಒಬ್ಬರಿಗೊಬ್ಬರು ಕಥೆ ಹೇಳ್ಕೋಬೇಕು. ಅದನ್ನ ಒಂದೆರಡು ಪುಟಕ್ಕೆ ಇಳಿಸಿ, ತನ್ನದೇ ದನಿಯಲ್ಲಿ ಓದಿ, ಮನೆಯ ಹಳೇ ಫೋಟೋ ಜೋಡಿಸಿ, ಎರಡು ಮೂರು ನಿಮಿಷದ ಸಿನಿಮಾ ತಾನೇ ಮಾಡಬೇಕು. ನನಗೆ ಕೇಳಿದರೆ ಸಿನಿಮಾಗಿಂತ ಆ ಸುತ್ತ ಕೂರೋದೇ ದೊಡ್ಡದು. ಒಂಟಿಯಾದವನ ಮಾತನ್ನ ಅಲ್ಲಿ ಹತ್ತು ಜನ ಕೇಳಿಸ್ಕೊಳ್ತಾರೆ.

ಈ ಸಾಧನ ನಮ್ಮ ಕೈಗೂ ಬಂತು. ತೇನ್ಮೊಳಿ ಸೌಂದರರಾಜನ್, ತಮಿಳು ದಲಿತ ದಂಪತಿಯ ಮಗಳು, ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ತನ್ನ ಜಾತಿ ಯಾವುದೆಂದು ತಿಳಿದದ್ದು ಶಾಲೆಯ ದಿನಗಳಲ್ಲಿ, ತಾಯಿಯ ಬಾಯಿಂದ. 2000ರ ದಶಕದ ಆರಂಭದಲ್ಲಿ ಆಕೆ ಓಕ್‌ಲ್ಯಾಂಡ್‌ನಲ್ಲಿ 'ಥರ್ಡ್ ವರ್ಲ್ಡ್ ಮೆಜಾರಿಟಿ' ಕಟ್ಟಿ, ಕಪ್ಪು, ಕಂದು ವರ್ಣದ ಸಮುದಾಯಗಳಿಗೆ ತಮ್ಮ ಕಥೆ ತಾವೇ ಸಿನಿಮಾ ಮಾಡೋದನ್ನ ಕಲಿಸಿದರು. 2015ರಲ್ಲಿ ಇತರ ದಲಿತ ಮಹಿಳೆಯರ ಜೊತೆ ಸೇರಿ, ಕಪ್ಪು ಜನರ ಇತಿಹಾಸ ಮಾಸದ ಸ್ಫೂರ್ತಿಯಿಂದ ಏಪ್ರಿಲ್ ತಿಂಗಳನ್ನು ದಲಿತ ಇತಿಹಾಸ ಮಾಸವಾಗಿ ಶುರು ಮಾಡಿದರು. ಇವತ್ತು ನಾವೆಲ್ಲ ಏಪ್ರಿಲ್‌ನಲ್ಲಿ ಪೋಸ್ಟ್ ಹಾಕ್ತೀವಲ್ಲ, ಅದರ ಹಿಂದೆ ಈ ಹೆಣ್ಣುಮಕ್ಕಳಿದ್ದಾರೆ.

ಅವರ ಈಕ್ವಾಲಿಟಿ ಲ್ಯಾಬ್ಸ್ 2018ರಲ್ಲಿ ಸುಮಾರು 1,500 ಜನರ ಸಮೀಕ್ಷೆ ಪ್ರಕಟಿಸಿತು. ಕೆಲಸದ ಜಾಗದಲ್ಲಿ ಅನ್ಯಾಯ ಆಗಿದೆ ಅಂದ ದಲಿತರು ಮೂರರಲ್ಲಿ ಇಬ್ಬರು. ಜಾತಿ ಗೊತ್ತಾಗಿಬಿಟ್ಟರೆ ಅನ್ನೋ ಭಯ ಅರ್ಧದಷ್ಟು ಜನಕ್ಕೆ. ಸಮೀಕ್ಷೆಯ ವಿಧಾನ ಸರಿ ಇಲ್ಲ ಅಂತ ತಕರಾರು ಬಂತು. ಬರಲಿ. ಬಾಯಿಬಿಡೋಕೇ ಹೆದರೋರನ್ನ ಯಾವ ಪಟ್ಟಿ ಹಿಡಿದು ಆರಿಸ್ತೀರಿ ಸ್ವಾಮಿ?

2020ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಸಿಸ್ಕೊ ಕಂಪನಿ ಮೇಲೆ ಜಾತಿ ತಾರತಮ್ಯದ ಕೇಸು ಹಾಕಿದ್ದೇ ತಡ, ಕೆಲವೇ ವಾರದಲ್ಲಿ ಈಕ್ವಾಲಿಟಿ ಲ್ಯಾಬ್ಸ್‌ಗೆ 250ಕ್ಕೂ ಹೆಚ್ಚು ದೂರು ಬಂದವು. ಆಮೇಲೆ 30 ದಲಿತ ಮಹಿಳಾ ಇಂಜಿನಿಯರುಗಳು ಸೇರಿ ಹೇಳಿಕೆ ಕೊಟ್ಟರು. ಒಬ್ಬರ ಹೆಸರೂ ಇರಲಿಲ್ಲ. 2023ರ ಫೆಬ್ರವರಿ 21ರಂದು ಸಿಯಾಟಲ್ ನಗರ ಸಭೆಯಲ್ಲಿ ಜನ ಎದ್ದು ನಿಂತು ತಮ್ಮ ಅನುಭವ ಹೇಳಿದರು. ಆರು ಮತ, ವಿರುದ್ಧ ಒಂದೇ. ಜಾತಿ ತಾರತಮ್ಯ ಅಲ್ಲಿ ನಿಷೇಧವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಅಂಥದ್ದೇ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ, ವಾಪಸ್ ಕಳಿಸಿದರು.

ಇದೆಲ್ಲ ಅಕ್ಕನ ಮಗನಿಗೆ ಹೇಳಿದೆ. ಮೊನ್ನೆ ಭಾನುವಾರ, "ಮಾವ, ಅಜ್ಜಿ ಫೋಟೋ ಕಳ್ಸು, ನಾನೂ ಒಂದು ಮಾಡ್ತೀನಿ" ಅಂದ. ಹುಡುಕಿದೆ. ನಮ್ಮವ್ವಂದು ಇರೋದು ಒಂದೇ ಫೋಟೋ, ರೇಷನ್ ಕಾರ್ಡಿನದು, ಅದೂ ಮಸುಕು. ಆಲ್ಬಂ ಇಟ್ಟ ಮನೆತನವಾ ನಮ್ಮದು? ಅದನ್ನೂ, ಅವ್ವ ರಾಗಿ ಬೀಸುತ್ತಿದ್ದ ಕಲ್ಲಿನದೂ ಒಂದು ಫೋಟೋ ತೆಗೆದು ಕಳಿಸಿದೆ.

ನಿನ್ನೆ ಆಡಿಯೋ ಬಂತು. ಆಫೀಸಿಂದ ಬರುವಾಗ ಬಸ್ಸಲ್ಲಿ ಕೇಳಿದೆ. ಎರಡು ನಿಮಿಷ ಹತ್ತು ಸೆಕೆಂಡು. ಯಾವ ಪೈಕಿ ಅಂತ ಮೊದಲನೇ ಸಾಲಿನಲ್ಲೇ ಹೇಳಿದ್ದಾನೆ. ಹೊರಗೆ ಹಾಕೋದಾ ಬೇಡ್ವಾ ಅನ್ನೋದು ಅವನಿಷ್ಟ, ಒತ್ತಾಯ ಮಾಡಿಲ್ಲ. ದಯವಿಟ್ಟು ಇನ್‌ಬಾಕ್ಸಿಗೆ ಬಂದು ಅವನ ಹೆಸರು ಕೇಳಬೇಡಿ.