ಕಲ್ಲಿನ ಕೊನೆಯ ಸಾಲಿನ ಮೊರೆ

ಹಳೆಯ ಶಾಸನವೊಂದನ್ನು ಓದಲು ಕೂತವರು ಸಾಮಾನ್ಯವಾಗಿ ಕೊನೆಯ ನಾಲ್ಕೈದು ಸಾಲುಗಳನ್ನು ಬಿಟ್ಟುಬಿಡುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೆಯೇ ಮಾಡುತ್ತಿದ್ದೆ. ರಾಜನ ಹೆಸರು, ಅವನ ಬಿರುದು, ಶಕವರ್ಷ, ಕೊಟ್ಟ ಊರು, ಪಡೆದವರ ಗೋತ್ರ, ನಾಲ್ಕು ದಿಕ್ಕಿನ ಎಲ್ಲೆ, ಇಷ್ಟು ಸಿಕ್ಕಿದರೆ ಟಿಪ್ಪಣಿ ಪುಸ್ತಕ ಮುಚ್ಚಬಹುದಿತ್ತು. ದೊಡ್ಡವರೂ ಇದನ್ನೇ ಮಾಡಿದ್ದಾರೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳ ಇಂಗ್ಲಿಷ್ ಅನುವಾದದ ಭಾಗ ತೆಗೆದು ನೋಡಿ. ಶಾಸನ ಮುಗಿಯುವ ಜಾಗದಲ್ಲಿ ಎಷ್ಟೋ ಕಡೆ ‘ಎಂದಿನ ಶಾಪಶ್ಲೋಕಗಳು’ ಎಂಬ ಅರ್ಥದ ಒಂದು ಚುಟುಕು ಮಾತಿದೆ, ಅಷ್ಟೆ. ಸಾವಿರಾರು ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ಮನುಷ್ಯ ಅದೇ ಶ್ಲೋಕವನ್ನು ಎಷ್ಟು ಸಲ ಅನುವಾದಿಸಿಯಾನು, ಪಾಪ!

ಶಾಸನ ಓದುವವರು ಆ ಭಾಗವನ್ನು ‘ಶಾಪಾಶಯ’ ಎಂದು ಕರೆಯುತ್ತಾರೆ. ಹೆಸರು ಕೇಳಿದರೆ ಬೈಗುಳದ ಹಾಗಿದೆ. ಆದರೆ ಬಹಳ ದಿನ ಅದರ ಜೊತೆಗಿದ್ದ ಮೇಲೆ ನನಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ಪ್ರಾರ್ಥನೆಯಂತೆ ಕಾಣತೊಡಗಿದೆ. ಸುಳ್ಳು ಹೇಳುವವನಿಂದ, ಎಲ್ಲೆಗಲ್ಲು ಸರಿಸುವವನಿಂದ, ಕೊಟ್ಟ ಮಾತನ್ನು ಇಲ್ಲವೆನ್ನುವವನಿಂದ ನಮ್ಮನ್ನು ಕಾಪಾಡು ಎಂಬ ಮೊರೆ ಅದು. ಮೊರೆಯಿಡುವವನು ಅಷ್ಟು ಹೊತ್ತಿಗೆ ಸತ್ತುಹೋಗಿರುತ್ತಾನೆ ಎನ್ನುವುದೇ ಅದರ ವಿಶೇಷ. ತಾನಿಲ್ಲದ ಕಾಲದಲ್ಲಿ ನಡೆಯಬಹುದಾದ ಮೋಸಕ್ಕಾಗಿ ಅವನು ಮೊದಲೇ ಕೈಮುಗಿದು ನಿಂತಿದ್ದಾನೆ.

ಹಲ್ಮಿಡಿಯಿಂದಲೇ ಶುರುಮಾಡೋಣ. ಬೇಲೂರು ತಾಲೂಕಿನ ಈ ಕಲ್ಲನ್ನು 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ. ಶ. 450 ಎಂದು ಬಹುಪಾಲು ವಿದ್ವಾಂಸರ ಲೆಕ್ಕ. ಯುದ್ಧದಲ್ಲಿ ಗೆದ್ದ ವಿಜಾರಸನಿಗೆ ‘ಬಾಳ್ಗಳ್ಚು’ ಆಗಿ, ಅಂದರೆ ಕತ್ತಿ ತೊಳೆದ ಗೌರವಕ್ಕೆ, ಎರಡು ಊರು ಕೊಟ್ಟ ಸಂಗತಿ ಅದರಲ್ಲಿದೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಎಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆಯ ಭರದಲ್ಲಿ ಒಂದು ವಿಷಯ ಗಮನಕ್ಕೆ ಬರುವುದಿಲ್ಲ: ಅಷ್ಟು ಚಿಕ್ಕ ಶಾಸನದಲ್ಲಿ ಮಹಾಪಾತಕದ ಮಾತು ಎರಡು ಸಲ ಬಂದಿದೆ. ಒಮ್ಮೆ ಕದ್ದವನಿಗೆ, ಇನ್ನೊಮ್ಮೆ ಕೆಡಿಸಿದವನಿಗೆ. ನಮ್ಮ ಭಾಷೆ ಕಲ್ಲಿನ ಮೇಲೆ ಬಾಯಿಬಿಟ್ಟ ಮೊದಮೊದಲಲ್ಲೇ ಕಳ್ಳನ ಭಯವನ್ನೂ ಕೇಡಿಗನ ಭಯವನ್ನೂ ಬೇರೆಬೇರೆಯಾಗಿ ಹೇಳಿಕೊಂಡಿದೆ. ಕದಿಯುವವನು ವಸ್ತುವನ್ನು ಒಯ್ಯುತ್ತಾನೆ, ಕೆಡಿಸುವವನು ಅದು ಇತ್ತೆಂಬ ಸಂಗತಿಯನ್ನೇ ಅಳಿಸುತ್ತಾನೆ. ಈ ವ್ಯತ್ಯಾಸ ಬರೆಸಿದವರಿಗೆ ಗೊತ್ತಿದ್ದಂತೆ ಕಾಣುತ್ತದೆ.

ಅಲ್ಲಿಂದ ನೂರಿಪ್ಪತ್ತು, ನೂರಮೂವತ್ತು ವರ್ಷ ಮುಂದೆ ಬಂದರೆ ಬಾದಾಮಿ. ಮೂರನೆಯ ಗುಹೆಯ ಹತ್ತಿರ ಮಂಗಲೇಶನ ಕಾಲದ ಒಂದು ಪುಟ್ಟ ಕನ್ನಡ ಶಾಸನವಿದೆ. ‘ಕಲ್ಮನೆ’ಗೆ, ಅಂದರೆ ಗುಹಾಲಯಕ್ಕೆ, ಲಂಜಿಗೇಸರ ಎಂಬ ಊರನ್ನು ಬಿಟ್ಟದ್ದು, ದೇವರಿಗೆ ಹೂವು ಕಟ್ಟಿಕೊಡುವ ಮಾಲೆಗಾರರಿಗೆ ಪಾಲು ಇಟ್ಟದ್ದು ಅದರ ವಿಷಯ. ಇದನ್ನು ಅಳಿದವನು ಪಂಚಮಹಾಪಾತಕನಾಗಲಿ, ಏಳನೆಯ ನರಕದ ಹುಳುವಾಗಲಿ ಎಂದು ಅದು ಮುಗಿಯುತ್ತದೆ. ಆ ಹೂವಾಡಿಗರನ್ನು ನೆನೆಸಿಕೊಳ್ಳಿ. ಅವರಿಗೆ ಸೈನ್ಯವಿಲ್ಲ, ಕೋಟೆಯಿಲ್ಲ. ನಾಳೆ ಯಾರಾದರೂ ಬಂದು ‘ನಿಮಗೆ ಯಾರು ಕೊಟ್ಟರು?’ ಎಂದರೆ ತೋರಿಸಲು ಇರುವುದು ಬಂಡೆಯ ಮೇಲಿನ ನಾಲ್ಕು ಸಾಲು, ಮತ್ತು ಆ ಹುಳು.

ಆ ಹುಳು ಮುಂದೆ ಸಾವಿರ ವರ್ಷ ನಮ್ಮ ಶಾಸನಗಳಲ್ಲಿ ಹರಿದಾಡಿದೆ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಅರ್ಥದ ಸಂಸ್ಕೃತ ಶ್ಲೋಕ ಇಡೀ ಭಾರತಕ್ಕೇ ಪರಿಚಿತ. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ‘ತಾನು ಕೊಟ್ಟದ್ದಾಗಲಿ’ ಎಂಬ ಮಾತು. ದಾನಿಗೆ ಶತ್ರುವಿನ ಭಯಕ್ಕಿಂತ ಮೊದಲು ತನ್ನ ಭಯವೇ ಇದೆ. ಇವತ್ತು ಉತ್ಸಾಹದಲ್ಲಿ ಧಾರೆಯೆರೆದು ಕೊಟ್ಟೆ, ನಾಳೆ ಬೊಕ್ಕಸ ಬರಿದಾದಾಗ ನಾನೇ ‘ಹಾಗೆ ಹೇಳಿರಲಿಲ್ಲ’ ಎಂದುಬಿಟ್ಟರೆ? ವಂಚಕರಿಂದ ಕಾಪಾಡು ಎಂದು ಬೇಡುವವರು ವಂಚಕರ ಪಟ್ಟಿಯಲ್ಲಿ ತಮ್ಮ ಹೆಸರನ್ನೇ ಮೊದಲು ಬರೆಯುವುದು ಅಪರೂಪ.

ಇನ್ನೊಂದು ಶ್ಲೋಕ ಇದಕ್ಕಿಂತ ಮೆತ್ತಗಿನದು. ಅದನ್ನು ರಾಮಚಂದ್ರನ ಬಾಯಲ್ಲಿ ಇಡಲಾಗಿದೆ. ಧರ್ಮವೆಂಬ ಈ ಸೇತುವೆ ಎಲ್ಲ ಅರಸರಿಗೂ ಸಮಾನವಾದದ್ದು, ಕಾಲಕಾಲಕ್ಕೂ ಇದನ್ನು ಕಾಪಾಡಿ ಎಂದು ಮುಂದೆ ಬರಲಿರುವ ರಾಜರನ್ನೆಲ್ಲ ಅವನು ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆ. ಇಲ್ಲಿ ಶಾಪವೇ ಇಲ್ಲ. ದೇವರೇ ಆದವನು ಇನ್ನೂ ಹುಟ್ಟಿರದ ಮನುಷ್ಯರ ಮುಂದೆ ಯಾಚಿಸುತ್ತಿದ್ದಾನೆ. ಕೊಡುವುದಕ್ಕಿಂತ ಕಾಯುವುದು ದೊಡ್ಡದು ಎಂಬ ಮಾತೂ ಇದರ ಪಕ್ಕದಲ್ಲೇ ಎಷ್ಟೋ ಕಡೆ ಬರುತ್ತದೆ. ಹೊಸ ರಾಜನಿಗೆ ಹಳೆಯ ದಾನವನ್ನು ಉಳಿಸಿಕೊಂಡು ಹೋಗುವುದರಲ್ಲಿ ಹೆಸರೇನೂ ಬರುವುದಿಲ್ಲ ಎಂದು ಬರೆಸಿದವರಿಗೆ ತಿಳಿದಿತ್ತು. ಅದಕ್ಕೇ ಆ ಪುಸಲಾವಣೆ.

ಕನ್ನಡದ ಗದ್ಯಭಾಗಕ್ಕೆ ಬಂದರೆ ದನಿ ಊರಿನ ಕಟ್ಟೆಗೆ ಇಳಿಯುತ್ತದೆ. ಕಾಯ್ದವನಿಗೆ ವಾರಣಾಸಿಯಲ್ಲೋ ಕುರುಕ್ಷೇತ್ರದಲ್ಲೋ ಕೋಡು ಕೊಳಗಿಗೆ ಚಿನ್ನ ಕಟ್ಟಿಸಿದ ಸಾವಿರ ಕವಿಲೆ ದಾನ ಮಾಡಿದ ಪುಣ್ಯ, ಕೆಡಿಸಿದವನಿಗೆ ಅದೇ ಜಾಗದಲ್ಲಿ ಅವನ್ನೇ ಕೊಂದ ಪಾಪ. ವಿಜಯನಗರ ಕಾಲದ ಹಳ್ಳಿಯ ಕಲ್ಲುಗಳಲ್ಲಿ ತಾಯಿಗೆ ತಪ್ಪಿದವನು ಎಂಬಂಥ, ಬಾಯಲ್ಲಿ ಹೇಳಲು ಹಿಂಜರಿಯುವ ಮಾತುಗಳೂ ಬರುತ್ತವೆ. ಕೊಂಕಣದ ಕಡೆ ಅಕ್ಷರ ಬಾರದವರಿಗೂ ತಿಳಿಯಲೆಂದು ಕತ್ತೆಯ ಚಿತ್ರವನ್ನೇ ಕೆತ್ತಿದ ಶಾಪಗಲ್ಲುಗಳಿವೆ. ಆ ಚಿತ್ರ ಏನೆಂದು ಇಲ್ಲಿ ವಿವರಿಸುವುದಿಲ್ಲ, ಒಮ್ಮೆ ನೋಡಿದವರು ಮರೆಯಲಾರರು. ಹಿಂದೂವಿಗೆ ಗೋವು, ಮುಸಲ್ಮಾನನಿಗೆ ಹಂದಿ ಎಂದು ಅವರವರ ಅಂಜಿಕೆಗೆ ತಕ್ಕ ಆಣೆ ಹಾಕಿದ ಶಾಸನಗಳೂ ದಖ್ಖನ್ನಿನಲ್ಲಿ ಉಂಟು. ಬರೆಸುವವನು ಧರ್ಮಶಾಸ್ತ್ರವನ್ನು ಹುಡುಕುತ್ತಿಲ್ಲ. ಎದುರಿನವನು ಯಾವುದಕ್ಕೆ ಹೆದರುತ್ತಾನೆ ಎಂಬುದನ್ನು ಹುಡುಕುತ್ತಿದ್ದಾನೆ.

ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ ಈ ದೃಷ್ಟಿಯಿಂದ ನನಗೆ ಬಹಳ ಇಷ್ಟ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದು, ಜೈನರು ರಾಜನಿಗೆ ಬಿನ್ನಹ ಮಾಡಿಕೊಂಡು, ರಾಜ ಇಬ್ಬರ ಕೈಯನ್ನೂ ಒಂದರೊಳಗೊಂದು ಇಡಿಸಿದ ಕತೆ ಶಾಲೆಯ ಪಾಠದಲ್ಲೂ ಇದೆ. ಕೈ ಕೈ ಕೂಡಿದಲ್ಲಿಗೆ ಪಾಠ ಮುಗಿಯುತ್ತದೆ. ಕಲ್ಲು ಅಲ್ಲಿಗೆ ಮುಗಿಯುವುದಿಲ್ಲ. ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಎತ್ತಿ ಕೊಡಬೇಕು, ಆ ಹಣದಲ್ಲಿ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದೆಲ್ಲ ವ್ಯವಸ್ಥೆ ಹೇಳುತ್ತದೆ. ತಪ್ಪಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎನ್ನುತ್ತದೆ. ಕೊನೆಗೆ, ಇದನ್ನು ಕೆಡಿಸಿದವನು ತಪಸ್ವಿಯೇ ಆಗಿರಲಿ ಊರಿನ ಮುಖಂಡನೇ ಆಗಿರಲಿ ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುತ್ತಾನೆ ಎನ್ನುತ್ತದೆ. ತಪಸ್ವಿಯನ್ನು ಹೆಸರಿಸಿದ್ದು ಸುಮ್ಮನೆ ಅಲ್ಲ. ಇಂಥ ಒಪ್ಪಂದಗಳನ್ನು ಮುರಿಯುವವರು ಕಾವಿಯಲ್ಲೂ ಬರಬಹುದೆಂದು ಆಗಲೇ ತಿಳಿದಿತ್ತು. ಈ ಶಾಸನದ ಇನ್ನೊಂದು ಪ್ರತಿ ಮಾಗಡಿಯ ಹತ್ತಿರದ ಕಲ್ಯದಲ್ಲಿದೆ. ಒಂದನ್ನು ಒಡೆದರೂ ಇನ್ನೊಂದು ಉಳಿಯಲಿ ಎಂದಿರಬೇಕು. ಮೊರೆಯ ಜೊತೆಗೆ ಇಷ್ಟು ಎಚ್ಚರ ಇದ್ದೇ ಇತ್ತು.

ಈವರೆಗೆ ಹೇಳಿದ್ದೆಲ್ಲ ಪ್ರಾಮಾಣಿಕರ ಮೊರೆ. ಇನ್ನು ಕಷ್ಟದ ಭಾಗ.

ದಾನಪತ್ರಕ್ಕೆ ಅಷ್ಟು ಬೆಲೆ ಇದ್ದ ಮೇಲೆ ಸುಳ್ಳು ದಾನಪತ್ರ ಹುಟ್ಟದೆ ಇರುತ್ತದೆಯೇ? ಹಳಬರು ಅದಕ್ಕೆ ‘ಕೂಟಶಾಸನ’ ಎಂದು ಹೆಸರಿಟ್ಟಿದ್ದರು. ಮನು ರಾಜಶಾಸನವನ್ನು ಖೋಟಾ ಮಾಡಿದವನಿಗೆ ಮರಣದಂಡನೆ ಹೇಳುತ್ತಾನೆ. ಯಾಜ್ಞವಲ್ಕ್ಯ ಸುಳ್ಳು ತಕ್ಕಡಿ, ಸುಳ್ಳು ನಾಣ್ಯದವರ ಸಾಲಿನಲ್ಲೇ ಅವನನ್ನು ನಿಲ್ಲಿಸಿ ಅತಿ ಹೆಚ್ಚಿನ ದಂಡ ಹಾಕುತ್ತಾನೆ. ಆ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ ಕಾಲದವನು. ಶಿಕ್ಷೆ ಇಷ್ಟು ಕಠಿಣವಾಗಿದ್ದರೂ ಕಸುಬು ನಿಂತಂತಿಲ್ಲ.

ತೀರ್ಥಹಳ್ಳಿ, ಶಿಕಾರಿಪುರದ ಕಡೆ ಸಿಕ್ಕ ಕೆಲವು ತಾಮ್ರಪಟಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ದಾನ ಕೊಟ್ಟವನು ಯಾರು ಗೊತ್ತೇ? ಪರೀಕ್ಷಿತನ ಮಗ ಜನಮೇಜಯ! ಸರ್ಪಯಾಗ ಮಾಡಿದ ಅದೇ ಜನಮೇಜಯ ಮಲೆನಾಡಿನ ಬ್ರಾಹ್ಮಣರಿಗೆ ಅಗ್ರಹಾರ ಬಿಟ್ಟನಂತೆ. ಬರೆದವನಿಗೆ ಪುರಾಣ ಚೆನ್ನಾಗಿ ಗೊತ್ತು, ಇತಿಹಾಸ ಅಷ್ಟಾಗಿ ಗೊತ್ತಿಲ್ಲ. ಹಸ್ತಿನಾಪುರದ ರಾಜನ ಕೈಗೆ ಅವನು ಚಿನ್ನದ ವರಾಹದ ಧ್ವಜ ಕೊಟ್ಟಿದ್ದಾನೆ. ವರಾಹ ಚಾಲುಕ್ಯರ ಲಾಂಛನ. ತನ್ನ ಕಣ್ಣೆದುರಿಗಿದ್ದ ಯಾವುದೋ ಚಾಲುಕ್ಯ ಶಾಸನದ ಮಾದರಿಯನ್ನು ಇಟ್ಟುಕೊಂಡು ಮಹಾಭಾರತಕ್ಕೆ ಅಂಗಿ ಹೊಲಿದಿದ್ದಾನೆ.

ಗಂಗರ ತಾಮ್ರಪಟಗಳ ವಿಷಯದಲ್ಲಿ ಜಗಳ ಇನ್ನೂ ದೊಡ್ಡದು. ಜೆ. ಎಫ್. ಫ್ಲೀಟ್ ಅವುಗಳಲ್ಲಿ ಬಹಳಷ್ಟನ್ನು ಖೋಟಾ ಎಂದು ತಳ್ಳಿಹಾಕಿದರು. ರೈಸ್ ಅವುಗಳ ಪರ ವಾದಿಸಿದರು. ವಾರ, ತಿಥಿ ಲೆಕ್ಕಕ್ಕೆ ಕೂಡುತ್ತದೆಯೇ, ಅಕ್ಷರದ ವಟುವು ಹೇಳಿದ ಕಾಲದ್ದೇ, ವಂಶಾವಳಿ ಬೇರೆ ಶಾಸನಗಳಿಗೆ ಹೊಂದುತ್ತದೆಯೇ ಎಂದು ಪ್ರತಿ ತಗಡನ್ನೂ ಕಟಕಟೆಯಲ್ಲಿ ನಿಲ್ಲಿಸಲಾಯಿತು. ಮಡಿಕೇರಿ ತಾಮ್ರಪಟ ಗಂಗರ ಅವಿನೀತನ ಹೆಸರು ಹೇಳುತ್ತದೆ, 388ನೆಯ ವರ್ಷ ಎನ್ನುತ್ತದೆ. ಶಕವರ್ಷವೆಂದು ಹಿಡಿದರೆ ಕ್ರಿ. ಶ. 466. ಆದರೆ ಲಿಪಿ ಒಂಬತ್ತು ಹತ್ತನೆಯ ಶತಮಾನದ್ದು. ಅದರಲ್ಲಿ ಬರುವ ಅಕಾಲವರ್ಷ ಎಂಬುದು ಎಷ್ಟೋ ಈಚಿನ ರಾಷ್ಟ್ರಕೂಟರ ಬಿರುದು. ಪಾಠ ತಲಕಾಡಿನ ಜಿನಾಲಯಕ್ಕೆ ಬದನೆಗುಪ್ಪೆ ಎಂಬ ಊರು ಸೇರಿದ್ದೆಂದು ಹೇಳುತ್ತದೆ.

ಇಂಥ ತಗಡುಗಳನ್ನು ಸುಳ್ಳೆಂದು ಎಸೆಯುವುದು ಸುಲಭ. ಆದರೆ ಬರೆಸಿದವನನ್ನು ಊಹಿಸಿಕೊಂಡರೆ ಅಷ್ಟು ಸುಲಭವೆನಿಸುವುದಿಲ್ಲ. ಕೆಲವರು ನಿಜವಾಗಿಯೂ ಊರು ನುಂಗಲು ಹೊರಟವರೇ ಇರಬೇಕು. ಇನ್ನು ಕೆಲವರ ಬಳಿ ಅಜ್ಜಂದಿರ ಕಾಲದಿಂದ ಭೂಮಿ ಇತ್ತು, ಪತ್ರ ಸುಟ್ಟುಹೋಗಿತ್ತೋ ಕಳೆದುಹೋಗಿತ್ತೋ, ಅಥವಾ ದಾನ ಬಾಯಿಮಾತಿನದೇ ಆಗಿತ್ತು. ಹೊಸ ಅಧಿಕಾರಿ ಬಂದು ದಾಖಲೆ ಕೇಳಿದ. ಸತ್ಯವನ್ನು ಉಳಿಸಿಕೊಳ್ಳಲು ಅವರು ಒಂದು ಸುಳ್ಳನ್ನು ತಾಮ್ರದ ಮೇಲೆ ಕೆತ್ತಿಸಿದರು. ಮಡಿಕೇರಿ ಪಟ ಹಳೆಯ ನಿಜವಾದ ದಾನವೊಂದರ ಈಚಿನ ಪ್ರತಿಯಿರಬಹುದು ಎಂದು ವಾದಿಸಿದವರಿದ್ದಾರೆ. ನನಗೆ ಆ ವಾದ ಅಸಾಧ್ಯವೆನಿಸುವುದಿಲ್ಲ. ಹೊಲ ಇದ್ದು ಪಹಣಿಯಲ್ಲಿ ಹೆಸರಿಲ್ಲದ ಮನೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಚಿತ್ರವೆಂದರೆ, ಖೋಟಾ ಮಾಡುವವನು ಕೂಡ ಕೊನೆಯಲ್ಲಿ ಶಾಪವನ್ನು ಬಿಡುತ್ತಿರಲಿಲ್ಲ. ಬಿಟ್ಟರೆ ಪತ್ರ ಪತ್ರದಂತೆ ಕಾಣುವುದಿಲ್ಲವಲ್ಲ. ಅರವತ್ತು ಸಾವಿರ ವರ್ಷದ ಹುಳುವನ್ನು ಅವನೇ ಕೈಯಾರೆ ಕೆತ್ತಿಸಿದ. ಉಳಿ ಆ ಅಕ್ಷರಗಳ ಮೇಲೆ ಬಂದಾಗ ಅವನ ಕೈ ನಡುಗಿತೋ, ಅಥವಾ ನಮ್ಮ ಹಾಗೆಯೇ ‘ಎಂದಿನ ಶ್ಲೋಕ’ ಎಂದು ಮುಂದೆ ಹೋದನೋ?

1852ರಲ್ಲಿ ಮುಂಬಯಿ ಸರಕಾರ ಇನಾಂ ಕಮಿಷನ್ನಿನ ಕಾಯ್ದೆ ತಂದು ಧಾರವಾಡ, ಬೆಳಗಾವಿ ಕಡೆಯ ಇನಾಂದಾರರ ಹಕ್ಕುಗಳನ್ನು ಜಾಲಾಡಿತು. ಅಲ್ಲಿ ಸನದು, ಮೊಹರು, ಲೆಕ್ಕದ ಪುಸ್ತಕ ನಡೆದವು, ಶಾಪ ನಡೆಯಲಿಲ್ಲ. ಊರುಗಳಲ್ಲಿ ಮಾತ್ರ ಅದು ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಧರ್ಮಸ್ಥಳಕ್ಕೆ ಬಂದು ಆಣೆ ಮಾಡಲಿ ಎಂದು ಒಬ್ಬ ರಾಜಕಾರಣಿ ಇನ್ನೊಬ್ಬರಿಗೆ ಸವಾಲು ಹಾಕುವುದನ್ನು ನಾವು ಪತ್ರಿಕೆಗಳಲ್ಲಿ ಓದಿ ನಗುತ್ತೇವೆ. ಆದರೆ ಪಾಲಿನ ಜಗಳದಲ್ಲಿ ಅಣ್ಣತಮ್ಮಂದಿರು ದೇವರ ಮುಂದೆ ನಿಂತಾಗ, ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳಿದವನ ಬಾಯಿ ಒಣಗುವುದನ್ನು ಹಳ್ಳಿಯ ಹಿರಿಯರು ಕಂಡಿದ್ದಾರೆ.

ನಮ್ಮ ಅಜ್ಜಿಯ ಊರಿನ ಕೆರೆಯ ಏರಿಯ ಕೆಳಗೆ ಒಂದು ಕಲ್ಲು ನಿಂತಿದೆ. ಮೇಲೆ ಸೂರ್ಯ, ಚಂದ್ರ, ಹಸು ಮತ್ತು ಕರು. ಕೆಳಗೆ ಸವೆದ ಅಕ್ಷರ. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಆದರೂ ಅದರ ಮೇಲೆ ಬಟ್ಟೆ ಒಣಹಾಕಲು ಬಿಡುತ್ತಿರಲಿಲ್ಲ. ‘ಅದರಾಗೆ ಏನೈತಜ್ಜಿ?’ ಎಂದರೆ ‘ಆಣೆ ಐತೆ ಕಣಪ್ಪ’ ಎನ್ನುತ್ತಿದ್ದಳು. ಹೋದ ವರ್ಷ ಸುಣ್ಣದ ಪುಡಿ ಸವರಿ ಓದಲು ನೋಡಿದೆ. ಊರಿನ ಹೆಸರಿನ ಅರ್ಧ, ‘ಗದ್ದೆ’ ಎಂಬ ಪದ, ಮೂಡಲ ಎಲ್ಲೆಗೆ ಒಂದು ಹುಣಿಸೆ ಮರ ಸಿಕ್ಕಿತು. ಅದರ ಕೆಳಗಿನ ಸಾಲುಗಳು ಮಣ್ಣಿನಲ್ಲಿ ಹೂತುಹೋಗಿವೆ. ಪಕ್ಕದ ಗದ್ದೆಯ ಬದು ಈಗ ಕಲ್ಲಿನ ಬುಡದವರೆಗೂ ಬಂದಿದೆ.