ವೆಬ್ ರೂಟಿಂಗ್ ಲೈಬ್ರರಿ: ದಾರಿ ತೋರಿಸುತ್ತದೆ, ಕಾವಲು ಕಾಯುವುದಿಲ್ಲ

ಬ್ರೌಸರಿನಲ್ಲಿ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ ಪುಟ ತೆರೆದುಕೊಳ್ಳುತ್ತದೆ. ಸರ್ವರಿನಲ್ಲಿ ಆ ಹೆಸರಿನ ಫೈಲ್ ಇದೆ, ಅದನ್ನೇ ನಮಗೆ ಕಳಿಸಿದ್ದಾರೆ ಎಂದು ಹಲವರು ಅಂದುಕೊಳ್ಳುತ್ತಾರೆ. ವೆಬ್‌ನ ಆರಂಭದಲ್ಲಿ ಬಹುಮಟ್ಟಿಗೆ ಹಾಗೇ ಇತ್ತು. ಇಂದಿನ ಅನೇಕ ತಾಣಗಳಲ್ಲಿ ಅಂಥ ಫೈಲೇ ಇರುವುದಿಲ್ಲ. ಬಂದ ವಿಳಾಸವನ್ನು ಓದಿ, ಯಾವ ಫಂಕ್ಷನ್ ಉತ್ತರ ಕೊಡಬೇಕು ಎಂದು ಪ್ರೋಗ್ರಾಂ ನಿರ್ಧರಿಸುತ್ತದೆ. ಈ ಕೆಲಸವೇ ರೂಟಿಂಗ್. ಮನೆಯ ವೈಫೈ ರೂಟರಿಗೂ ಇದಕ್ಕೂ ಹೆಸರಷ್ಟೇ ಒಂದು.

ರೂಟರ್ ಏನನ್ನು ನೋಡುತ್ತದೆ?

ಮುಖ್ಯವಾಗಿ ಎರಡನ್ನು: ಎಚ್‌ಟಿಟಿಪಿ ವಿಧಾನ ಮತ್ತು ಹಾದಿ. ಒಂದು ಗ್ರಂಥಾಲಯದ ತಾಣವನ್ನು ಊಹಿಸಿಕೊಳ್ಳಿ. ‘ಗೆಟ್ /ಪುಸ್ತಕಗಳು/42’ ಎಂದರೆ 42ನೇ ಪುಸ್ತಕದ ವಿವರ ತೋರಿಸು ಎಂದರ್ಥ. ‘ಡಿಲೀಟ್ /ಪುಸ್ತಕಗಳು/42’ ಎಂದರೆ ಅದನ್ನು ತೆಗೆದುಹಾಕು. ಹಾದಿ ಒಂದೇ, ಕೆಲಸ ಬೇರೆ. ಸಾವಿರ ಪುಸ್ತಕಗಳಿಗೆ ಸಾವಿರ ಸಾಲು ಬರೆಯಬೇಕಿಲ್ಲ. ‘/ಪುಸ್ತಕಗಳು/:ಸಂಖ್ಯೆ’ ಎಂಬ ಒಂದೇ ಮಾದರಿ ಸಾಕು. ಆ ಜಾಗದಲ್ಲಿ ಬಂದ ಸಂಖ್ಯೆಯನ್ನು ಲೈಬ್ರರಿಯೇ ಬಿಡಿಸಿ ಫಂಕ್ಷನ್ನಿಗೆ ಕೊಡುತ್ತದೆ.

‘ಹಗುರ’ ಎಂದರೇನು?

ಡೇಟಾಬೇಸ್, ಲಾಗಿನ್, ಅಡ್ಮಿನ್ ಪುಟ ಎಲ್ಲವನ್ನೂ ಜೊತೆಗೇ ಕೊಡುವ ಜಾಂಗೋದಂಥ ದೊಡ್ಡ ಚೌಕಟ್ಟುಗಳಿವೆ. ಹಗುರ ಲೈಬ್ರರಿಗಳು ರೂಟಿಂಗ್ ಮತ್ತು ಅದರ ಸುತ್ತಲಿನ ಅಗತ್ಯಗಳನ್ನಷ್ಟೇ ಕೊಟ್ಟು ಉಳಿದದ್ದನ್ನು ನಮಗೆ ಬಿಡುತ್ತವೆ. 2007ರಲ್ಲಿ ಬಂದ ರೂಬಿ ಭಾಷೆಯ ಸಿನಾತ್ರ ಈ ಶೈಲಿಯನ್ನು ಜನಪ್ರಿಯಗೊಳಿಸಿತು. ನೋಡ್‌ಗಾಗಿ ಬಂದ ಎಕ್ಸ್‌ಪ್ರೆಸ್ ಅದರಿಂದಲೇ ಪ್ರೇರಣೆ ಪಡೆಯಿತು. ಪೈಥಾನಿನ ಫ್ಲಾಸ್ಕ್ ಹುಟ್ಟಿದ್ದು 2010ರಲ್ಲಿ ಆರ್ಮಿನ್ ರೋನಾಕರ್ ಮಾಡಿದ ಏಪ್ರಿಲ್ ಫೂಲ್ ತಮಾಷೆಯೊಂದರಿಂದ! ಗೋ ಭಾಷೆಯಲ್ಲಂತೂ 2024ರ 1.22 ಆವೃತ್ತಿಯಿಂದ ವಿಧಾನ ಮತ್ತು ಮಾದರಿ ಹಾದಿಗಳು ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲಿವೆ. ಸಣ್ಣ ಕೆಲಸಕ್ಕೆ ಬೇರೆ ಲೈಬ್ರರಿ ಬೇಕಾಗದೆಯೂ ಇರಬಹುದು.

ಬರೆದ ಕ್ರಮ ಮುಖ್ಯವೇ?

ಲೈಬ್ರರಿಯನ್ನು ಅವಲಂಬಿಸಿದೆ. ಎಕ್ಸ್‌ಪ್ರೆಸ್ ಮೇಲಿನಿಂದ ಕೆಳಕ್ಕೆ ಹೋಲಿಸುತ್ತಾ ಬರುತ್ತದೆ. ‘/ಪುಸ್ತಕಗಳು/:ಸಂಖ್ಯೆ’ ಮೊದಲು, ‘/ಪುಸ್ತಕಗಳು/ಹೊಸತು’ ಆಮೇಲೆ ಬರೆದಿದ್ದರೆ, ‘ಹೊಸತು’ ಎಂಬ ಪದವನ್ನೇ ಸಂಖ್ಯೆ ಎಂದುಕೊಂಡು ಮೊದಲ ಫಂಕ್ಷನ್ ಓಡುತ್ತದೆ. ನಿರ್ದಿಷ್ಟ ಹಾದಿ ಮೊದಲು, ಮಾದರಿ ಹಾದಿ ನಂತರ ಎಂಬುದು ಇಲ್ಲಿನ ನಿಯಮ. ಗೋ ಮತ್ತು ಫ್ಲಾಸ್ಕ್‌ಗಳಲ್ಲಿ ಹೆಚ್ಚು ನಿರ್ದಿಷ್ಟವಾದ ಹಾದಿಗೆ ತಾನಾಗಿಯೇ ಆದ್ಯತೆ ಸಿಗುತ್ತದೆ.

ಅಳಿಸುವುದಕ್ಕೂ ‘ಗೆಟ್’ ಬಳಸಬಹುದೇ?

ಲೈಬ್ರರಿ ತಡೆಯುವುದಿಲ್ಲ, ಆದರೂ ಬಳಸಬಾರದು. ಎಚ್‌ಟಿಟಿಪಿ ನಿಯಮದ ಪ್ರಕಾರ ‘ಗೆಟ್’ ಓದುವುದಕ್ಕೆ ಮಾತ್ರ. 2005ರಲ್ಲಿ ಗೂಗಲ್ ವೆಬ್ ಆಕ್ಸಲರೇಟರ್ ಎಂಬ ತಂತ್ರಾಂಶ ಬಂತು. ವೇಗ ಹೆಚ್ಚಿಸಲೆಂದು ಅದು ಬಳಕೆದಾರ ಒತ್ತುವ ಮೊದಲೇ ಪುಟದ ಲಿಂಕ್‌ಗಳನ್ನು ತೆರೆದು ತಂದಿಡುತ್ತಿತ್ತು. ‘ಅಳಿಸು’ ಎಂಬುದನ್ನೂ ಸಾಧಾರಣ ಲಿಂಕ್ ಆಗಿಯೇ ಇಟ್ಟಿದ್ದ ತಾಣಗಳಲ್ಲಿ, ಯಾರೂ ಒತ್ತದೆಯೇ ಮಾಹಿತಿ ಅಳಿಸಿಹೋಯಿತು. ಸರ್ಚ್ ಎಂಜಿನ್‌ಗಳ ಕ್ರಾಲರ್‌ಗಳೂ ಹೀಗೆಯೇ ಲಿಂಕ್ ಹಿಡಿದು ಹೋಗುತ್ತವೆ. ಮಾಹಿತಿ ಬದಲಿಸುವ ಕೆಲಸಕ್ಕೆ ಪೋಸ್ಟ್, ಪುಟ್, ಡಿಲೀಟ್ ಇರುವುದು ಇದಕ್ಕೇ.

ವಿಳಾಸ ಯಾರಿಗೂ ಗೊತ್ತಿಲ್ಲದಿದ್ದರೆ ಸುರಕ್ಷಿತವೇ?

ಇದು ದೊಡ್ಡ ತಪ್ಪು ನಂಬಿಕೆ. ‘/ರಸೀದಿ/512’ ನಿಮ್ಮದಾದರೆ, 513 ಎಂದು ತಿದ್ದಿ ನೋಡುವುದಕ್ಕೆ ಯಾವ ಪರಿಣತಿಯೂ ಬೇಡ. ರೂಟರ್ ಅದನ್ನೂ ಸರಿಯಾದ ಫಂಕ್ಷನ್ನಿಗೇ ತಲುಪಿಸುತ್ತದೆ. ಕೇಳುತ್ತಿರುವವರು ಯಾರು, ಆ ರಸೀದಿ ಅವರದ್ದೇ ಎಂಬುದನ್ನು ಅದು ನೋಡುವುದಿಲ್ಲ. ಆ ಪರೀಕ್ಷೆಯನ್ನು ನಾವೇ ಬರೆಯಬೇಕು. ವೆಬ್ ಸುರಕ್ಷತೆಯ ಸಂಸ್ಥೆ ಒವಾಸ್ಪ್ 2021ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಇಂಥ ಅನುಮತಿ ಲೋಪಗಳಿಗೇ ಮೊದಲ ಸ್ಥಾನ. ಲೈಬ್ರರಿ ಹಗುರವಾದಷ್ಟೂ ಈ ಹೊಣೆ ನಮ್ಮ ಮೇಲೆ ಹೆಚ್ಚು.

404 ಒಂದು ಕೋಣೆಯ ಸಂಖ್ಯೆಯೇ?

ವೆಬ್ ಹುಟ್ಟಿದ ಸರ್ನ್ ಸಂಸ್ಥೆಯಲ್ಲಿ ಸರ್ವರ್ ಇಟ್ಟಿದ್ದ ಕೋಣೆ 404, ಫೈಲ್ ಸಿಗದಾಗ ಅಲ್ಲಿಂದ ಈ ಸಂದೇಶ ಬರುತ್ತಿತ್ತು ಎಂಬ ಕಥೆ ಬಹಳ ಹರಿದಾಡಿದೆ. ಟಿಮ್ ಬರ್ನರ್ಸ್-ಲೀ ಜೊತೆ ವೆಬ್ ಕಟ್ಟಿದ ರಾಬರ್ಟ್ ಕೈಯೋ ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕಿದ್ದಾರೆ. 4ರಿಂದ ಶುರುವಾಗುವ ಸಂಖ್ಯೆಗಳು ಕೋರಿಕೆಯಲ್ಲೇ ತೊಂದರೆಯಿದೆ ಎಂದು ಹೇಳುತ್ತವೆ. 404 ಆ ಗುಂಪಿನ ಒಂದು ಕ್ರಮಸಂಖ್ಯೆ ಅಷ್ಟೇ. ಹಾದಿ ಇದ್ದು ವಿಧಾನ ಮಾತ್ರ ತಪ್ಪಾಗಿದ್ದರೆ 405 ಕಳಿಸಬೇಕು. ಫ್ಲಾಸ್ಕ್ ತಾನಾಗಿಯೇ ಕಳಿಸುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ನಾವು ಬರೆಯದಿದ್ದರೆ ಅಲ್ಲೂ 404 ಬರುತ್ತದೆ.

ಹೊಸ ಹಾದಿ ಸೇರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ವಿಧಾನ ಸರಿಯಿದೆಯೇ? ಬೇರೆ ಮಾದರಿ ಇದನ್ನು ನುಂಗುತ್ತದೆಯೇ? ಇಲ್ಲಿಗೆ ಬರಲು ಯಾರಿಗೆ ಅನುಮತಿ? ಮೊದಲ ಎರಡು ತಪ್ಪಿದರೆ ಕೆಲವೊಮ್ಮೆ ಪರೀಕ್ಷೆಯಲ್ಲೇ ಗೊತ್ತಾಗಬಹುದು. ಮೂರನೆಯದು ತಪ್ಪಿದರೆ ತಾಣ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಬೇರೆಯವರ ರಸೀದಿ ತೋರಿಸುತ್ತಾ.