ಎರಕದ ಗುಂಡಿನ ಬುಡಕ್ಕೆ ತಾಮ್ರದ ಬಟ್ಟಲು: ಲಿವರ್ ರೈಫಲಿನಲ್ಲಿ ಗ್ಯಾಸ್ ಚೆಕ್ ಮಾಡುವ ಕೆಲಸವೇನು?

ಅಮೆರಿಕದಲ್ಲಿ ಮನೆಯಲ್ಲೇ ಸೀಸ ಕರಗಿಸಿ ರೈಫಲಿಗೆ ಗುಂಡು ಎರೆದುಕೊಳ್ಳುವವರು ಇಂದಿಗೂ ಸಾಕಷ್ಟಿದ್ದಾರೆ. ಅವರಲ್ಲಿ ತಲೆಮಾರುಗಳಿಂದ ಒಂದು ವಿವರಣೆ ಕೈಯಿಂದ ಕೈಗೆ ಸಾಗಿ ಬಂದಿದೆ. ಗುಂಡಿನ ಬುಡಕ್ಕೆ ತೊಡಿಸುವ ಪುಟ್ಟ ತಾಮ್ರದ ಬಟ್ಟಲು, ಅಂದರೆ ಗ್ಯಾಸ್ ಚೆಕ್, ಮದ್ದಿನ ಬೆಂಕಿಗೆ ಸೀಸ ಕರಗದಂತೆ ಅಡ್ಡ ನಿಲ್ಲುತ್ತದೆ ಎಂಬುದು ಆ ವಿವರಣೆ. ಕೇಳಲು ಸರಿಯೆನಿಸುತ್ತದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ತಾಮ್ರ 1085 ಡಿಗ್ರಿಗೆ. ಉರಿಯುವ ಮದ್ದಿನ ಅನಿಲದ ಉಷ್ಣತೆಯಾದರೋ 2000 ಡಿಗ್ರಿ ದಾಟುತ್ತದೆ. ಆದರೂ ಈ ವಿವರಣೆ ತಪ್ಪು ಜಾಗದಲ್ಲಿ ಬೆರಳಿಡುತ್ತದೆ ಎಂಬುದು ನನ್ನ ವಾದ. ಗ್ಯಾಸ್ ಚೆಕ್ಕಿನ ನಿಜವಾದ ಕೆಲಸ ನಡೆಯುವುದು ಗುಂಡಿನ ಬುಡದ ಸುತ್ತಂಚಿನಲ್ಲಿ, ಕೂದಲೆಳೆಯಷ್ಟು ಅಗಲದ ಜಾಗದಲ್ಲಿ. ಲಿವರ್-ಆ್ಯಕ್ಷನ್ ರೈಫಲಿನ ಚರಿತ್ರೆ ಮತ್ತು ರಚನೆ ಎರಡನ್ನೂ ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲು ವಸ್ತುವನ್ನೇ ನೋಡೋಣ. 30 ಕ್ಯಾಲಿಬರಿನ ಗ್ಯಾಸ್ ಚೆಕ್ಕನ್ನು ಅಂಗೈ ಮೇಲಿಟ್ಟರೆ ಅಂಗಿಯ ಗುಂಡಿಗಿಂತ ಚಿಕ್ಕದು. ಚಪ್ಪಟೆ ತಳ, ಸುತ್ತ ಗಿಡ್ಡ ಗೋಡೆ. ಲೋಹದ ದಪ್ಪ ಅರ್ಧ ಮಿಲಿಮೀಟರಿಗೂ ತುಸು ಕಡಿಮೆ. ಶುದ್ಧ ತಾಮ್ರದಿಂದಲೋ, ತುಸು ಸತು ಬೆರೆಸಿದ ತಾಮ್ರದಿಂದಲೋ ಒತ್ತಿ ತೆಗೆದದ್ದು. ಇದನ್ನು ತೊಡಿಸಲೆಂದೇ ಗುಂಡಿನ ಅಚ್ಚಿನಲ್ಲಿ ಬುಡದ ಭಾಗವನ್ನು ಒಂದು ಮೆಟ್ಟಿಲಿನಷ್ಟು ಸಣ್ಣದಾಗಿ ಕೊರೆದಿರುತ್ತಾರೆ. ಎರೆದ ಗುಂಡು ತಣಿದ ಮೇಲೆ ಆ ಮೆಟ್ಟಿಲಿಗೆ ಬಟ್ಟಲನ್ನು ಬೆರಳಿನಿಂದ ಕೂರಿಸಿ, ಅಳತೆಗೆ ತರುವ ಉಕ್ಕಿನ ಡೈಯೊಳಗೆ ತಳ್ಳುತ್ತಾರೆ. ಡೈಯ ಗೋಡೆ ಬಟ್ಟಲಿನ ಬಾಯನ್ನು ಒಳಕ್ಕೆ ಮಡಿಸಿ ಸೀಸಕ್ಕೆ ಕಚ್ಚಿಸುತ್ತದೆ. ಚೆನ್ನಾಗಿ ಕಚ್ಚಿದ್ದನ್ನು ಉಗುರಿನಿಂದ ಎಬ್ಬಲಾಗದು.

ಈ ಬಟ್ಟಲು ಬೇಕಾಗಿ ಬಂದದ್ದೇಕೆ? ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಲಿವರ್ ರೈಫಲಿನ ಮೊದಲ ವರ್ಷಗಳಲ್ಲೇ ಇದಕ್ಕೆ ಉತ್ತರವಿದೆ. ಅದು ಮಾರುಕಟ್ಟೆಗೆ ಬಂದಾಗ ಹಾರಿಸುತ್ತಿದ್ದುದು .32-40 ಮತ್ತು .38-55 ಎಂಬ ಕರಿಮದ್ದಿನ ತೋಟೆಗಳನ್ನು. ಮರುವರ್ಷವೇ, 1895ರಲ್ಲಿ, ಗಟ್ಟಿಯಾದ ನಿಕಲ್ ಉಕ್ಕಿನ ನಳಿಗೆಯೊಂದಿಗೆ .30-30 ತೋಟೆ ಬಂತು. ಬೇಟೆಗೆಂದೇ ಹೊಗೆಯಿಲ್ಲದ ಮದ್ದಿಗೆ ಹೊಂದಿಸಿ ಅಮೆರಿಕದಲ್ಲಿ ತಯಾರಾದ ಮೊದಲ ಸಣ್ಣ ಕ್ಯಾಲಿಬರಿನ ತೋಟೆ ಅದು. ಅಂತರ ಎಷ್ಟೆಂದು ನೋಡಿ: 1873ರ ಸೇನಾ ತೋಟೆ .45-70 ತನ್ನ 405 ಗ್ರೈನ್ ಸೀಸದ ಗುಂಡನ್ನು ಸೆಕೆಂಡಿಗೆ ಸುಮಾರು 1350 ಅಡಿ ವೇಗದಲ್ಲಿ ತಳ್ಳುತ್ತಿತ್ತು; .30-30 ತನ್ನ 160 ಗ್ರೈನ್ ಗುಂಡನ್ನು ಸುಮಾರು 1970 ಅಡಿ ವೇಗಕ್ಕೆ ಒಯ್ದಿತು. ಫ್ರಾನ್ಸಿನಲ್ಲಿ ಪಾಲ್ ವಿಯೆಲ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದಾಗಲೇ ಬರಿಯ ಸೀಸದ ಗುಂಡಿನ ಕಾಲ ಮುಗಿಯುತ್ತ ಬಂದಿತ್ತು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ 1882ರಲ್ಲೇ ತಾಮ್ರದ ಹೊದಿಕೆಯ ಗುಂಡನ್ನು ತಂದಿದ್ದ. ಕಾರ್ಖಾನೆಗಳು ಹೊದಿಕೆಯ ಗುಂಡಿಗೆ ಹೊರಳಿದವು. ಆದರೆ ಹೊದಿಕೆಯನ್ನು ಮನೆಯಲ್ಲಿ ಎರೆಯಲಾಗದು. ಒಲೆ, ಸೀಸ, ಅಚ್ಚು ಇಟ್ಟುಕೊಂಡು ಕಾಸಿನಲ್ಲೇ ತೋಟೆ ತುಂಬಿಕೊಳ್ಳುತ್ತಿದ್ದ ರೈತನಿಗೂ ಬೇಟೆಗಾರನಿಗೂ ಹೊಸ ರೈಫಲು ಕೈಗೆ ಬಂದರೂ ಹಳೆಯ ಸ್ವಾವಲಂಬನೆ ಕೈಜಾರಿತು.

ಆ ಸ್ವಾವಲಂಬನೆಯನ್ನು ಮರಳಿ ಕೊಟ್ಟದ್ದು ವಿಂಚೆಸ್ಟರ್ ಕಾರ್ಖಾನೆಯಿದ್ದ ನ್ಯೂ ಹೇವನ್ ಪಟ್ಟಣದಲ್ಲೇ ಇದ್ದ ಐಡಿಯಲ್ ಎಂಬ ಕಂಪನಿ. ಜಾನ್ ಬಾರ್ಲೊ 1884ರಲ್ಲಿ ಕಟ್ಟಿದ ಆ ಕಂಪನಿ ಗುಂಡಿನ ಅಚ್ಚು, ತೋಟೆ ತುಂಬುವ ಸಲಕರಣೆಗಳಿಗೆ ಹೆಸರಾಗಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅದು ಗ್ಯಾಸ್ ಚೆಕ್ಕನ್ನೂ ಅದಕ್ಕೆ ಹೊಂದುವ ಅಚ್ಚುಗಳನ್ನೂ ಹೊರತಂದಿತು. 1925ರಲ್ಲಿ ಐಡಿಯಲ್ ಲೈಮನ್ ಕಂಪನಿಯ ಕೈಸೇರಿತು. ಲೈಮನ್ 311041 ಎಂಬ ಸಂಖ್ಯೆಯ ಚಪ್ಪಟೆ ಮೂತಿಯ ಅಚ್ಚು .30-30 ರೈಫಲಿಟ್ಟವರಿಗೆ ಇಂದಿಗೂ ಮನೆಮಾತು.

ಹೆಸರಿನ ಹಿಂದೆಯೂ ಒಂದು ಸಾಕ್ಷ್ಯವಿದೆ. ಗ್ಯಾಸ್ ಚೆಕ್ ಎಂಬ ಮಾತು ಬಾರ್ಲೊಗಿಂತ ಹಳೆಯದು. ಬ್ರಿಟಿಷ್ ಸೇನೆಯ ಮೂತಿಯಿಂದ ತುಂಬುವ ದೊಡ್ಡ ಫಿರಂಗಿಗಳಲ್ಲಿ ಗುಂಡಿಗೂ ನಳಿಗೆಗೂ ನಡುವಿನ ಸಂದಿಯಿಂದ ಅನಿಲ ನುಗ್ಗಿ ನಳಿಗೆಯ ಗೋಡೆಯನ್ನೇ ಕೊರೆದುಹಾಕುತ್ತಿತ್ತು. ಅದನ್ನು ತಡೆಯಲು 1878ರಿಂದ ಗುಂಡಿನ ಬುಡಕ್ಕೆ ಲೋಹದ ಬಿಲ್ಲೆ ಜೋಡಿಸತೊಡಗಿದರು. ಅದನ್ನು ಅವರು ಕರೆದದ್ದು ಗ್ಯಾಸ್-ಚೆಕ್ ಎಂದೇ. ಫಿರಂಗಿಯ ಗುಂಡು ಎರಕದ ಕಬ್ಬಿಣದ್ದು. ಅದು ಕರಗೀತೆಂಬ ಭಯ ಯಾರಿಗೂ ಇರಲಿಲ್ಲ. ಅಲ್ಲಿ ತಡೆಯಬೇಕಿದ್ದುದು ಸಂದಿಯಲ್ಲಿ ನುಸುಳುವ ಅನಿಲವನ್ನು ಮಾತ್ರ.

ನಮ್ಮ ಮಲೆನಾಡು, ಕೊಡಗುಗಳಲ್ಲಿ ಕೇಪಿನ ಕೋವಿ ತುಂಬುವವರಿಗೆ ಇದು ಹೊಸ ವಿಷಯವಲ್ಲ. ಮದ್ದು ಸುರಿದು, ಅದರ ಮೇಲೆ ತೆಂಗಿನ ನಾರು ಗಿಡಿದು, ಗಜದಿಂದ ಜಡಿದು, ಆಮೇಲೆ ಚರೆಯನ್ನೋ ಗುಂಡನ್ನೋ ಹಾಕುತ್ತಾರೆ. ನಾರು ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ವಸ್ತು. ಶಾಖಕ್ಕೆ ತಡೆಯಾಗಲಿ ಎಂದು ಅದನ್ನು ಯಾರೂ ಗಿಡಿಯುವುದಿಲ್ಲ. ಗಿಡಿಯುವುದು ಮದ್ದಿನ ಕಸುವು ಸಂದಿಯಲ್ಲಿ ಸೋರಿ ಹೋಗದಿರಲಿ ಎಂದು. ತಾಮ್ರದ ಬಟ್ಟಲಿಗೂ ನಾರಿನ ಉಂಡೆಗೂ ರೂಪದಲ್ಲಿ ಸಂಬಂಧವಿಲ್ಲ, ಉದ್ದೇಶದಲ್ಲಿ ಇದೆ.

ಈಗ ಶಾಖದ ವಾದವನ್ನೇ ಅಳತೆಗೆ ಹಚ್ಚೋಣ. ಇಪ್ಪತ್ತು ಅಂಗುಲದ ನಳಿಗೆಯನ್ನು .30-30 ಗುಂಡು ದಾಟಲು ಹಿಡಿಯುವ ಕಾಲ ಸುಮಾರು ಒಂದೂವರೆ ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಶಾಖ ಸೀಸದೊಳಗೆ ಇಳಿಯುವ ಆಳ ಸುಮಾರು 0.2 ಮಿ.ಮೀ.; ತಾಮ್ರದೊಳಗೆ ಸುಮಾರು 0.4 ಮಿ.ಮೀ. ತಾಮ್ರ ಸೀಸಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಿಸುವ ಲೋಹ. ಶಾಖವನ್ನು ಆಚೆ ಬಿಡದಿರಲೆಂದೇ ಒಂದು ಪದರ ಹುಡುಕುವವನು ತಾಮ್ರವನ್ನು ಆರಿಸುತ್ತಿರಲಿಲ್ಲ. ರಟ್ಟನ್ನೋ ಬಟ್ಟೆಯನ್ನೋ ಆರಿಸುತ್ತಿದ್ದ. ಇನ್ನೊಂದು ಕಡೆ, ಬಟ್ಟಲಿಲ್ಲದ ಬರಿ ಸೀಸದ ಗುಂಡನ್ನು ಹಾರಿಸಿ, ಮೆತ್ತನೆಯ ರಾಶಿಯಿಂದ ಹೆಕ್ಕಿ ನೋಡಿದವರು ಕಂಡದ್ದೇನು? ಬುಡದ ನಡುವೆ ಮದ್ದಿನ ಕಾಳುಗಳು ಒತ್ತಿದ ಚುಕ್ಕಿಗಳು, ಅಚ್ಚಿನ ಮುಚ್ಚಳ ಸೀಸವನ್ನು ಕತ್ತರಿಸಿದಲ್ಲಿನ ಗೀರು. ಬುಡ ಕರಗಿದ್ದರೆ ಮೊದಲು ಮಾಯವಾಗಬೇಕಿದ್ದುದು ಆ ಗೀರು. ಹಾನಿ ಕಾಣುವುದು ಬೇರೆಡೆ. ಅಂಚಿನಲ್ಲಿ, ನಳಿಗೆಯ ಸುರುಳಿ ಏಣುಗಳು ಕೊರೆದ ಕಚ್ಚಿನ ಪಕ್ಕದಲ್ಲಿ, ಇಲಿ ಕಡಿದಂತೆ ತಿಂದುಹೋದ ಸಣ್ಣ ಸಣ್ಣ ಗಾಯಗಳಿರುತ್ತವೆ. ಬುಡದಿಂದ ಮೂತಿಯತ್ತ ಹರಿದ ಅವು ಅನಿಲ ನುಸುಳಿದ ದಾರಿಗಳು.

ಬುಡದ ನಡುಭಾಗಕ್ಕೆ ತಾಗುವ ಅನಿಲ ಗುಂಡಿನ ಜೊತೆಯಲ್ಲೇ ಸಾಗುವಂಥದು. ಅದಕ್ಕೂ ಸೀಸಕ್ಕೂ ನಡುವೆ ಉಜ್ಜಾಟ ಕಡಿಮೆ. ಕಿರಿದಾದ ಸಂದಿಯಲ್ಲಿ ನುಗ್ಗುವ ಅನಿಲದ ಕಥೆ ಬೇರೆ. ಅಪಾರ ಒತ್ತಡದಲ್ಲಿ ಅದು ಗುಂಡನ್ನೇ ಹಿಂದೆ ಹಾಕಿ ಓಡುತ್ತದೆ, ಅಕ್ಕಸಾಲಿಗನ ಊದುಗೊಳವೆಯ ಜ್ವಾಲೆಯಂತೆ ಒಂದೇ ಗೆರೆಯನ್ನು ಕೊರೆಯುತ್ತದೆ. ತಾಮ್ರ ಕರಗುವ ಉಷ್ಣತೆಗೆ ಬೆಲೆ ಬರುವುದು ಇಲ್ಲಿ, ಈ ಅಂಚಿನಲ್ಲಿ. ಹಳೆಯ ವಿವರಣೆಯಲ್ಲಿ ಸತ್ಯದ ಒಂದು ತುಣುಕಿದೆ. ಜಾಗ ಮಾತ್ರ ತಪ್ಪಿದೆ.

ಅಂಚು ಕೆಟ್ಟರೆ ಏನಾಗುತ್ತದೆಂಬುದನ್ನು ಮ್ಯಾಸಚೂಸೆಟ್ಸಿನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ತೋರಿಸಿಕೊಟ್ಟ. ಗುಂಡಿನ ಹಾರಾಟದ ಬಗ್ಗೆ 1909ರಲ್ಲಿ ಅವನು ಪ್ರಕಟಿಸಿದ ಪುಸ್ತಕ ಈ ಕ್ಷೇತ್ರದ ಅಡಿಪಾಯಗಳಲ್ಲೊಂದು. ಅವನು ಗುಂಡುಗಳನ್ನು ಬೇಕೆಂದೇ ವಿರೂಪಗೊಳಿಸಿ ಹಾರಿಸಿದ. ಮೂತಿಯನ್ನು ಕೆಡಿಸಿದಾಗ ಗುರಿ ಅಷ್ಟಾಗಿ ಕೆಡಲಿಲ್ಲ. ಬುಡದ ಒಂದು ಪಕ್ಕವನ್ನು ಕೆಡಿಸಿದಾಗ ಗುಂಡುಗಳು ಚದುರಿ ಬಿದ್ದವು. ನಳಿಗೆಯ ಬಾಯಿಂದ ಹೊರಬೀಳುವ ಆ ಗಳಿಗೆಯಲ್ಲಿ ಅನಿಲ ಒಂದು ಪಕ್ಕದಿಂದ ಮೊದಲು ತಪ್ಪಿಸಿಕೊಂಡರೆ ಗುಂಡು ಓಲಾಡುತ್ತದೆ. ತಾಮ್ರದ ಬಟ್ಟಲು ಕೊಡುವುದು ಸುತ್ತಲೂ ಒಂದೇ ಸಮನಾದ, ಗಟ್ಟಿಯಾದ ಅಂಚು. ನನ್ನ ದೃಷ್ಟಿಯಲ್ಲಿ ಅದರ ಮುಖ್ಯ ಉಪಕಾರವೇ ಇದು.

ಮಿಶ್ರಲೋಹದ ಗಡಸುತನದ ಬಗ್ಗೆಯೂ ಒಂದು ಮಾತು ಹೇಳಬೇಕು. ಶುದ್ಧ ಸೀಸದ ಬ್ರಿನೆಲ್ ಗಡಸುತನ ಸುಮಾರು 5. ಅಚ್ಚುಮನೆಗಳಲ್ಲಿ ಬಳಕೆಯಲ್ಲಿದ್ದ ಲೈನೋಟೈಪ್ ಲೋಹದಲ್ಲಿ ಸೀಸ 84, ಆಂಟಿಮನಿ 12, ತವರ 4 ಪಾಲು. ಗಡಸುತನ ಸುಮಾರು 22. ಬ್ರಿನೆಲ್ ಅಂಕಿಯನ್ನು 1422ರಿಂದ ಗುಣಿಸಿದರೆ ಆ ಲೋಹ ಚದರ ಅಂಗುಲಕ್ಕೆ ಎಷ್ಟು ಪೌಂಡ್ ಒತ್ತಡ ತಾಳುತ್ತದೆಂದು ಸಿಗುತ್ತದೆ ಎಂಬ ಸೂತ್ರ ಗುಂಡು ಎರೆಯುವವರಲ್ಲಿ ಜನಪ್ರಿಯ. ಅದರ ಪ್ರಕಾರ ಲೈನೋಟೈಪಿನ ಮಿತಿ 31,000ದ ಆಸುಪಾಸು; .30-30 ತೋಟೆಗೆ ನಿಗದಿಯಾದ ಗರಿಷ್ಠ ಸರಾಸರಿ ಒತ್ತಡ 42,000. ಸೂತ್ರ ಅನುಭವಕ್ಕೆ ಒಗ್ಗಬಹುದು, ಆದರೆ ಅದರ ಆಧಾರ ದುರ್ಬಲ. ಬ್ರಿನೆಲ್ ಅಂಕಿ ಲೋಹ ಬಾಗತೊಡಗುವ ಒತ್ತಡವನ್ನು ಸೂಚಿಸುವುದಿಲ್ಲ. ಆ ಒತ್ತಡ ಅಂಕಿಯ ಸುಮಾರು ಮೂರನೇ ಒಂದು ಪಾಲು. ಹಾಗಾದರೆ ಎರಕದ ಗುಂಡುಗಳೆಲ್ಲ ನಳಿಗೆಯಲ್ಲೇ ಹಿಟ್ಟಾಗಬೇಕಿತ್ತು. ಆಗುವುದಿಲ್ಲ, ಏಕೆಂದರೆ ಸೀಸಕ್ಕೆ ಸುತ್ತಲೂ ಉಕ್ಕಿನ ಗೋಡೆ ಒತ್ತಾಸೆಯಾಗಿದೆ. ಒತ್ತಾಸೆ ತಪ್ಪುವುದು ಬುಡದ ಅಂಚಿನಲ್ಲಿ, ಸಂದಿ ಇರುವಲ್ಲಿ. ಅಲ್ಲಿಗೇ ಬಟ್ಟಲಿನ ಗೋಡೆ ಬಂದು ನಿಲ್ಲುತ್ತದೆ. (ಈ ಕೆಲಸ ಮಾಡುವವರು ಗಾಳಿಯಾಡುವಲ್ಲಿ ಸೀಸ ಕರಗಿಸಬೇಕು, ಕೈ ತೊಳೆಯದೆ ಊಟಕ್ಕೆ ಕೂರಬಾರದು. ಸೀಸದ ವಿಷ ಮೈಗೆ ಮೆಲ್ಲಗೆ ಸೇರುತ್ತದೆ, ಮಕ್ಕಳಿಗಂತೂ ಅದು ತೀರ ಕೆಟ್ಟದ್ದು.)

ಲಿವರ್ ರೈಫಲಿಗೇ ವಿಶಿಷ್ಟವಾದ ಸಂಗತಿಗಳು ಕೆಲವಿವೆ. ಇದರ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಬೆನ್ನಿಗೊಂದು ಮಲಗಿರುತ್ತವೆ. ಚೂಪು ಮೂತಿಯ ಗುಂಡಾದರೆ ಮುಂದಿನ ತೋಟೆಯ ಕೇಪಿಗೆ ಚುಚ್ಚಿ ಕೊಳವೆಯಲ್ಲೇ ಸಿಡಿಸುವ ಅಪಾಯವಿದೆ; ಆದ್ದರಿಂದ ಮೂತಿ ಚಪ್ಪಟೆಯಾಗಿರಬೇಕು. ಒದೆತಕ್ಕೂ ಸ್ಪ್ರಿಂಗಿನ ಒತ್ತಡಕ್ಕೂ ಗುಂಡು ತೋಟೆಯೊಳಗೆ ಕುಸಿಯದಂತೆ ತೋಟೆಯ ಬಾಯನ್ನು ಗುಂಡಿನ ಕಚ್ಚಿಗೆ ಮಡಿಸಬೇಕು. ಗುಂಡು ಕುಸಿದರೆ ಬಟ್ಟಲು ಕುತ್ತಿಗೆಯಿಂದ ಕೆಳಗಿಳಿದು ಮದ್ದಿನೊಳಗೆ ನಿಲ್ಲುತ್ತದೆ, ಸಡಿಲವಾಗಿದ್ದರೆ ಕಳಚಿಯೂ ಬೀಳುತ್ತದೆ. ಈ ವಿಷಯದಲ್ಲಿ .30-30 ಪುಣ್ಯವಂತ ತೋಟೆ. ಅದರ ಕುತ್ತಿಗೆ ಸುಮಾರು 12 ಮಿ.ಮೀ. ಉದ್ದ, ಗ್ರೀಸಿನ ಕಚ್ಚುಗಳೂ ಬಟ್ಟಲೂ ಅದರೊಳಗೇ ಅಡಗುತ್ತವೆ.

ತಿರುಗುವ ವೇಗವೂ ಗಮನಿಸಬೇಕಾದ್ದು. ಹನ್ನೆರಡು ಅಂಗುಲಕ್ಕೆ ಒಂದು ಸುತ್ತು ತಿರುಗುವ ನಳಿಗೆಯಿಂದ ಸೆಕೆಂಡಿಗೆ 2000 ಅಡಿ ವೇಗದಲ್ಲಿ ಹೊರಟ ಗುಂಡು ಸೆಕೆಂಡಿಗೆ 2000 ಸುತ್ತು ತಿರುಗುತ್ತಿರುತ್ತದೆ. ನಿಂತ ಗುಂಡು ಒಂದೂವರೆ ಮಿಲಿಸೆಕೆಂಡಿನಲ್ಲಿ ಆ ಗತಿಗೆ ಬರಬೇಕಾದರೆ ನಳಿಗೆಯ ಏಣುಗಳು ಅದನ್ನು ಬಿಗಿಯಾಗಿ ಹಿಡಿಯಬೇಕು. 1950ರ ದಶಕದಲ್ಲಿ ಮಾರ್ಲಿನ್ ಕಂಪನಿ ಮೈಕ್ರೋ-ಗ್ರೂವ್ ಎಂಬ, ತೋಡುಗಳು ಹಲವು, ಆಳ ಮಾತ್ರ ಕಡಿಮೆ ಇರುವ ನಳಿಗೆಯನ್ನು ತಂದಾಗ ಎರಕದ ಗುಂಡು ಅದರಲ್ಲಿ ನಡೆಯುವುದಿಲ್ಲವೆಂಬ ಅಪಖ್ಯಾತಿ ಹುಟ್ಟಿತು. ತೋಡಿನ ವ್ಯಾಸಕ್ಕಿಂತ ಅಂಗುಲದ ಸಾವಿರದ ಎರಡು ಪಾಲು ದಪ್ಪವಾದ ಗುಂಡನ್ನು ಬಟ್ಟಲಿನೊಂದಿಗೆ ಹಾಕಿದವರು ಆ ಅಪಖ್ಯಾತಿಯನ್ನು ಬಹುಮಟ್ಟಿಗೆ ಅಳಿಸಿದ್ದಾರೆ. ಸೀಸ ಜಾರಲು ನೋಡಿದರೂ ಗಟ್ಟಿ ತಾಮ್ರ ಏಣುಗಳನ್ನು ಬಿಡುವುದಿಲ್ಲ. ಗುಂಡು ಸಣ್ಣದಾಗಿದ್ದರೆ ಮಾತ್ರ ಯಾವ ಬಟ್ಟಲೂ ಅದನ್ನು ಉಳಿಸಲಾರದು; ಅಳತೆ ಮೊದಲು, ಬಟ್ಟಲು ಆಮೇಲೆ.

ಇತ್ತೀಚಿನ ವರ್ಷಗಳಲ್ಲಿ ತಾಮ್ರದ ಬೆಲೆ ಏರಿದ್ದರಿಂದ ಹಲವರು ಅಲ್ಯೂಮಿನಿಯಂ ತಗಡಿನಿಂದ, ಚಾವಣಿಯ ಅಂಚಿಗೆ ಹೊಡೆಯುವ ಪಟ್ಟಿಯಿಂದ ಕೂಡ, ಬಟ್ಟಲುಗಳನ್ನು ಒತ್ತಿಕೊಳ್ಳುತ್ತಿದ್ದಾರೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ತಾಮ್ರಕ್ಕಿಂತ ಬಹಳ ಮೊದಲೇ. ಆದರೂ ತಗಡಿನ ದಪ್ಪ ಗುಂಡಿನ ಮೆಟ್ಟಿಲಿಗೆ ಸರಿಹೊಂದಿ, ಅಂಚು ಬಿಗಿಯಾಗಿ ಕಚ್ಚಿದ್ದರೆ ಅದೂ ತಾಮ್ರದಂತೆಯೇ ನಡೆಯುತ್ತದೆ. ತಗಡು ತೆಳುವಾಗಿ ಬಟ್ಟಲು ಅಲ್ಲಾಡುವಂತಿದ್ದರೆ ನಳಿಗೆಯ ತೋಡುಗಳಲ್ಲಿ ಮೊದಲ ಕೆಲವು ಗುಂಡುಗಳಿಗೇ ಸೀಸದ ಬೂದು ಗೆರೆಗಳು ಮೆತ್ತಿಕೊಳ್ಳುತ್ತವೆ.